ಮೂರು ಗಗನ ಮಹಲುಗಳು

ಹಿಂದೂಪುರದಿಂದ ಉತ್ತರಕ್ಕೆ ಸುಮಾರು ಒಂದು ಗಂಟೆಯ ಬಸ್ ಪ್ರಯಾಣದಷ್ಟು ದೂರದಲ್ಲಿ ಪೆನುಗೊಂಡೆಯಿದೆ. ತೆಲುಗಿನಲ್ಲಿ ಆ ಹೆಸರಿಗೆ ದೊಡ್ಡ ಬೆಟ್ಟವೆಂದು ಅರ್ಥ; ಸಂಸ್ಕೃತದಲ್ಲಿ ಅದನ್ನೇ ಘನಗಿರಿ ಎಂದರು. ಆ ಬೆಟ್ಟದ ಬುಡದಲ್ಲಿ, ಕೋಟೆಯ ಒಳಗೆ, ಎರಡು ಅಂತಸ್ತಿನ ಒಂದು ಹಳೆಯ ಅರಮನೆ ನಿಂತಿದೆ. ಅದಕ್ಕೆ ಗಗನ ಮಹಲ್ ಎಂದು ಹೆಸರು. ನಮ್ಮ ಶಾಲೆಯ ಮಕ್ಕಳು ಪ್ರವಾಸಕ್ಕೆಂದು ಹೋಗಿ ನೋಡಿಬರುವ, ಆಮೇಲೆ ಪ್ರಬಂಧದ ವಹಿಯಲ್ಲಿ ನಾಲ್ಕು ಸಾಲು ಬರೆಯುವ ಕಟ್ಟಡವದು. ಇದೇ ಹೆಸರಿನ ಅರಮನೆಗಳು ಕನ್ನಡ ನಾಡಿನಲ್ಲಿ ಇನ್ನೂ ಎರಡಿವೆ, ಒಂದು ವಿಜಯಪುರದಲ್ಲಿ, ಇನ್ನೊಂದು ಬೀದರಿನಲ್ಲಿ, ಎಂಬುದು ನಮ್ಮ ಮಕ್ಕಳಲ್ಲಿ ಅನೇಕರಿಗೆ ತಿಳಿಯದು. ಒಂದನ್ನು ವಿಜಯನಗರದ ಅರಸರು ಕಟ್ಟಿಸಿದರು, ಉಳಿದ ಎರಡನ್ನು ಸುಲ್ತಾನರು. ಶಾಲೆಗೆ ನೂರು ವರ್ಷ ತುಂಬಿದ ಈ ಸಂದರ್ಭದಲ್ಲಿ ಈ ಮೂರು ಅರಮನೆಗಳ ಚರಿತ್ರೆಯನ್ನೂ ಚೆಲುವನ್ನೂ ಒಟ್ಟಿಗೆ ಇಟ್ಟು ನೋಡುವುದು ನಮ್ಮ ಉದ್ದೇಶ.

ಇದಕ್ಕೆ ಕಾರಣವಿದೆ. ನಮ್ಮ ತರಗತಿಗಳಲ್ಲಿ ಕನ್ನಡ ಮನೆಮಾತಿನ ಮಕ್ಕಳಿರುವಂತೆ ತೆಲುಗು ಮನೆಮಾತಿನವರೂ ಉರ್ದು ಮನೆಮಾತಿನವರೂ ಇದ್ದಾರೆ. ತಾಳಿಕೋಟೆಯ ಯುದ್ಧದ ಪಾಠ ಬಂದ ದಿನ ತರಗತಿಯ ಗಾಳಿಯೇ ಸ್ವಲ್ಪ ಬದಲಾಗುತ್ತದೆ. ಕೆಲವು ಮಕ್ಕಳು ತಾವೇ ಸೋತವರಂತೆ ಮುಖ ಮಾಡುತ್ತಾರೆ; ಕೆಲವರು ತಾವೇ ಏನೋ ತಪ್ಪು ಮಾಡಿದವರಂತೆ ತಲೆ ತಗ್ಗಿಸುತ್ತಾರೆ. ಇಬ್ಬರೂ ಹುಟ್ಟಿದ್ದು ಆ ಯುದ್ಧ ಮುಗಿದು ನಾಲ್ಕೂವರೆ ಶತಮಾನ ಕಳೆದ ಮೇಲೆ! ಇತಿಹಾಸದ ಪಾಠವು ಅಕ್ಕಪಕ್ಕದಲ್ಲಿ ಕುಳಿತ ಇಬ್ಬರು ಮಕ್ಕಳ ನಡುವೆ ಗೋಡೆ ಎಬ್ಬಿಸಬಾರದು. ಹಾಗೆಂದು ನಡೆದದ್ದನ್ನು ಮುಚ್ಚಿಡುವುದೂ ಸಲ್ಲದು. ಈ ಎರಡು ಎಚ್ಚರಗಳ ನಡುವೆ ಶಿಕ್ಷಕರಿಗೆ ದಾರಿ ತೋರಿಸಬಲ್ಲ ಸಾಕ್ಷಿಗಳು ಬೇಕು. ಈ ಮೂರು ಅರಮನೆಗಳು ಅಂಥ ಸಾಕ್ಷಿಗಳು.

ಬೀದರಿನ ಕೋಟೆಯೊಳಗೆ

ಕಾಲದ ಕ್ರಮದಲ್ಲಿ ಬೀದರೇ ಮೊದಲು. 1347ರಲ್ಲಿ ಕಲಬುರ್ಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. 1422ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ಅಹಮದ್ ಶಹನು ರಾಜಧಾನಿಯನ್ನು ಬೀದರಿಗೆ ಬದಲಾಯಿಸಿ, ಎತ್ತರದ ಪ್ರಸ್ಥಭೂಮಿಯ ಅಂಚಿನಲ್ಲಿ ಭಾರಿ ಕೋಟೆಯೊಂದನ್ನು ಕಟ್ಟಿಸಿದನು. ಆ ನೆಲ ಕೆಂಪು ಜಂಬಿಟ್ಟಿಗೆಯದು. ಕೋಟೆಯ ಸುತ್ತಲಿನ ಕಂದಕವನ್ನು ಆ ಕಲ್ಲಿನಲ್ಲಿಯೇ ಮೂರು ಸಾಲಾಗಿ ಕೊರೆದಿದ್ದಾರೆ. ನಡುವೆ ಬಿಟ್ಟ ಕಲ್ಲಿನ ಗೋಡೆಗಳು ಇಂದಿಗೂ ನಿಂತಿವೆ. ಇರಾನಿನಿಂದ ಬಂದ ವಿದ್ವಾಂಸರು, ಸಂತರು, ಕುಶಲಕರ್ಮಿಗಳು ಆ ರಾಜಧಾನಿಯಲ್ಲಿ ನೆಲೆಸಿದರು. ಅವರೊಂದಿಗೆ ಬಂದದ್ದು ನೀಲಿ, ಹಸಿರು, ಹಳದಿ ಬಣ್ಣದ ಮೆರುಗು ಬಿಲ್ಲೆಗಳ ಕಲೆ. ಕಪ್ಪುಕಲ್ಲು ಮತ್ತು ಕೆಂಪುಮಣ್ಣಿನ ನಾಡಿನಲ್ಲಿ ಗೋಡೆಯ ಮೇಲೆ ಆಕಾಶದ ಬಣ್ಣ ಮೂಡಿದ್ದು ಹೀಗೆ.

ಕೋಟೆಯೊಳಗಿನ ತಖ್ತ್ ಮಹಲ್ ಎಂಬುದು ಸಿಂಹಾಸನದ ಅರಮನೆ. ಅದರ ಕಮಾನಿನ ಮೂಲೆಗಳಲ್ಲಿ ಬೆನ್ನ ಹಿಂದೆ ಸೂರ್ಯನು ಉದಯಿಸುತ್ತಿರುವ ಹುಲಿಯ ಚಿತ್ರವನ್ನು ಬಿಲ್ಲೆಗಳಿಂದ ಕೂಡಿಸಿದ್ದಾರೆ. ಇಂದು ಅರಮನೆಯ ಬಹುಭಾಗ ಬಿದ್ದುಹೋಗಿದೆ. ಆದರೆ ಆ ಹುಲಿಯನ್ನು ಕಂಡ ಮಗು ಅದನ್ನು ಮರೆಯದು. ಬೀದರಿನ ಗಗನ ಮಹಲು ಇದೇ ಕೋಟೆಯಲ್ಲಿದೆ. ಬಹಮನಿ ಅರಸರು ಅದನ್ನು ಕಟ್ಟಿಸಿದರು. ಅವರ ನಂತರ ಆಳಿದ ಬರೀದ್ ಶಾಹಿಗಳು ಅದಕ್ಕೆ ಇನ್ನಷ್ಟು ಸೇರಿಸಿದರು. ಅದರಲ್ಲಿ ಎರಡು ಅಂಗಳಗಳಿವೆ. ಹೊರಗಿನ ಅಂಗಳ ಕಾವಲಿನವರಿಗೂ ಸಿಬ್ಬಂದಿಗೂ ಮೀಸಲು; ಒಳಗಿನದು ಅರಸನ ಮನೆಯವರಿಗೆ. ಊರಿನ ದೊಡ್ಡ ತೊಟ್ಟಿಮನೆಯಲ್ಲಿ ಜಗಲಿ, ಹಜಾರ, ನಡುಮನೆ ಎಂದು ಬಂದವರು ಎಲ್ಲಿಯವರೆಗೆ ಬರಬಹುದೆಂಬ ಕಟ್ಟಳೆ ಇರುವಂತೆ, ಸುಲ್ತಾನರ ಅರಮನೆಗಳಲ್ಲಿಯೂ ಎಲ್ಲರೂ ಬರಬಹುದಾದ ದರ್ಬಾರು, ಕೆಲವರೇ ಬರಬಹುದಾದ ಆಲೋಚನಾ ಮಂದಿರ, ಮನೆಯವರಷ್ಟೇ ಇರುವ ಜನಾನ ಎಂಬ ಮೆಟ್ಟಿಲುಗಳಿದ್ದವು. ಅರಮನೆಯ ನಕ್ಷೆಯನ್ನು ಓದಲು ಬಲ್ಲವನಿಗೆ ಆ ರಾಜ್ಯದ ಆಡಳಿತದ ನಕ್ಷೆಯೂ ಅರ್ಥವಾಗುತ್ತದೆ.

15ನೆಯ ಶತಮಾನದಲ್ಲಿ ಅಫನಾಸಿ ನಿಕಿಟಿನ್ ಎಂಬ ರಷ್ಯಾದ ವ್ಯಾಪಾರಿ ಬೀದರಿಗೆ ಬಂದಿದ್ದನು. ವಾಸ್ಕೋ ಡ ಗಾಮನು ಕಲ್ಲಿಕೋಟೆಗೆ ಬಂದಿಳಿಯುವುದಕ್ಕೆ ಎರಡು ದಶಕಗಳಿಗೂ ಹಿಂದಿನ ಮಾತಿದು. ಸುಲ್ತಾನನ ಅರಮನೆಗೆ ಏಳು ಬಾಗಿಲುಗಳೆಂದೂ, ಒಂದೊಂದು ಬಾಗಿಲಲ್ಲಿ ನೂರು ಕಾವಲುಗಾರರೂ ನೂರು ಲಿಪಿಕಾರರೂ ಇರುತ್ತಾರೆಂದೂ, ಒಳಗೆ ಹೋದವರ ಮತ್ತು ಹೊರಗೆ ಬಂದವರ ಹೆಸರನ್ನು ಬರೆದಿಡುತ್ತಾರೆಂದೂ ಅವನು ತನ್ನ ಪ್ರವಾಸ ಕಥನದಲ್ಲಿ ಹೇಳಿದ್ದಾನೆ. ಆ ಲಿಪಿಕಾರರು ಮುಸಲ್ಮಾನರಲ್ಲದ ಸ್ಥಳೀಯರು ಎಂಬುದನ್ನೂ ಅವನು ಗುರುತಿಸಿದ್ದಾನೆ. ಅಂದರೆ ಸುಲ್ತಾನನ ಬಾಗಿಲಲ್ಲಿ ಲೆಕ್ಕಣಿಕೆ ಹಿಡಿದು ಕುಳಿತವರು ಈ ನೆಲದ ಜನ.

ಬೀದರಿನ ಅರಮನೆಗಳಲ್ಲಿ ಅತ್ಯಂತ ಸುಂದರವಾದುದು ರಂಗೀನ್ ಮಹಲ್. ಗುಂಬಜ್ ದರವಾಜೆಯ ಬಳಿ ಇರುವ ಈ ಅರಮನೆಗೆ ಇಂದಿನ ರೂಪ ಕೊಟ್ಟವನು ಅಲಿ ಬರೀದ್ ಶಹ. ಬಹಮನಿ ರಾಜ್ಯ ಐದಾಗಿ ಒಡೆದ ಮೇಲೆ ಬೀದರಿನ ಪಾಲಿಗೆ ಉಳಿದದ್ದು ಚಿಕ್ಕ ರಾಜ್ಯ; ಆದ್ದರಿಂದ ಅರಮನೆಯೂ ಚಿಕ್ಕದು. ಆದರೆ ಅದರ ಕೆಲಸ ಚಿಕ್ಕದಲ್ಲ. ಮುಂದಿನ ಹಜಾರದಲ್ಲಿ ಕೆತ್ತನೆಯ ಮರದ ಕಂಬಗಳಿವೆ. ಅವುಗಳ ಬೋದಿಗೆಗಳನ್ನು ನೋಡಿದರೆ ನಮ್ಮ ದೇವಾಲಯಗಳ, ರಥಗಳ ಕೆತ್ತನೆಯ ನೆನಪು ಬರುತ್ತದೆ. ಅದು ಈ ನಾಡಿನ ಬಡಗಿಗಳ ಕೈ. ಅದರ ಹಿಂದಿನ ಕೋಣೆಯ ಬಾಗಿಲ ಸುತ್ತ ಮೆರುಗು ಬಿಲ್ಲೆಗಳ ಚಿತ್ತಾರವಿದೆ. ಅದು ಇರಾನಿನ ಪದ್ಧತಿ. ಒಳಗೆ ನುಣುಪಾದ ಕಪ್ಪುಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿ ಬಳ್ಳಿಗಳನ್ನೂ ಪಾರಸಿ ಅಕ್ಷರಗಳನ್ನೂ ಬಿಡಿಸಿದ್ದಾರೆ. ದೀಪದ ಬೆಳಕಿನಲ್ಲಿ ಆ ಚಿಪ್ಪು ಒಂದು ಕಡೆಯಿಂದ ಬೆಳ್ಳಗೆ, ಇನ್ನೊಂದು ಕಡೆಯಿಂದ ತಿಳಿಗುಲಾಬಿಯಾಗಿ ಹೊಳೆಯುತ್ತದೆ.

ಕಪ್ಪಿನ ಮೇಲೆ ಬಿಳಿ ಮೂಡಿಸುವ ಈ ರುಚಿ ಬೀದರನ್ನು ಬಿಟ್ಟುಹೋಗಲಿಲ್ಲ. ಬಿದರಿ ಕಲೆ ಎಂದು ಲೋಕವೆಲ್ಲ ಕೊಂಡಾಡುವ ಹೂಜಿ, ತಟ್ಟೆ, ಪೆಟ್ಟಿಗೆಗಳಲ್ಲಿ ಅದೇ ಕಾಣುತ್ತದೆ. ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಯ ಮೇಲೆ ಕೆತ್ತಿ, ಆ ಗೀರುಗಳಲ್ಲಿ ಬೆಳ್ಳಿಯನ್ನು ತಟ್ಟಿ ಕೂರಿಸುತ್ತಾರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಬೆರೆಸಿ ಕಾಯಿಸಿದ ನೀರಿನಿಂದ ತೊಳೆದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಅರಸರು ಹೋದರು, ಅರಮನೆಯ ಮಾಳಿಗೆ ಕುಸಿಯಿತು. ಆದರೆ ಆ ಕೋಟೆಯ ಮಣ್ಣು ಈಗಲೂ ಬಡ ಕುಶಲಕರ್ಮಿಯ ಒಲೆಯ ಮೇಲೆ ಕೆಲಸ ಮಾಡುತ್ತಿದೆ.

ವಿಜಯಪುರದ ದೊಡ್ಡ ಕಮಾನು

ಎರಡನೆಯ ಗಗನ ಮಹಲು ವಿಜಯಪುರದ ಅರಕಿಲ್ಲೆಯಲ್ಲಿದೆ. 1558ರಿಂದ 1580ರವರೆಗೆ ಆಳಿದ ಒಂದನೆಯ ಅಲಿ ಆದಿಲ್ ಶಹನು ಅದನ್ನು 1561ರಲ್ಲಿ ಕಟ್ಟಿಸಿದನೆಂದು ಹೇಳುತ್ತಾರೆ. ಉತ್ತರಕ್ಕೆ ಮುಖ ಮಾಡಿ, ಎದುರಿಗೆ ವಿಶಾಲವಾದ ಬಯಲನ್ನು ಇಟ್ಟುಕೊಂಡು ನಿಂತ ಈ ಅರಮನೆಯ ಮುಂಭಾಗದಲ್ಲಿ ಇರುವುದು ಮೂರೇ ಕಮಾನುಗಳು. ನಡುವಿನದರ ಅಗಲ ಸುಮಾರು 60 ಅಡಿ. ಅದರ ಎರಡೂ ಪಕ್ಕಗಳಲ್ಲಿ ಅಷ್ಟೇ ಎತ್ತರದ, ಆದರೆ ಕಿರಿದಾದ ಒಂದೊಂದು ಕಮಾನು. ಕೆಳಗಿನ ಅಂತಸ್ತಿನಲ್ಲಿ ದರ್ಬಾರು. ಮೇಲಿನ ಅಂತಸ್ತಿನಲ್ಲಿ ರಾಜಮನೆತನದ ವಾಸ. ಮೇಲಂತಸ್ತಿನ ನೆಲವೂ ಮೊಗಸಾಲೆಗಳೂ ಮರದವಾಗಿದ್ದವು. ಮರವೆಲ್ಲ ಈಗ ಹೋಗಿದೆ. ಉಳಿದಿರುವುದು ಕಲ್ಲಿನ ಅಸ್ಥಿಪಂಜರ ಮಾತ್ರ. ಆದರೂ ಅದರ ಗಾಂಭೀರ್ಯ ಕುಂದಿಲ್ಲ.

ಅಷ್ಟು ಅಗಲದ ಬಾಗಿಲನ್ನು ಕಂಬವಿಲ್ಲದೆ ನಿಲ್ಲಿಸಿದ್ದು ಹೇಗೆ? ಇದು ನಮ್ಮ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ವಿಜ್ಞಾನದ ಪಾಠದೊಂದಿಗೆ ಸೇರಿಸಿ ಕಲಿಯಬೇಕಾದ ವಿಷಯ. ಎರಡು ಕಂಬಗಳ ಮೇಲೆ ಉದ್ದನೆಯ ಕಲ್ಲಿನ ತೊಲೆಯನ್ನಿಟ್ಟರೆ ಭಾರಕ್ಕೆ ಅದು ನಡುವೆ ಬಾಗಲು ನೋಡುತ್ತದೆ. ಆಗ ತೊಲೆಯ ಕೆಳಭಾಗ ಎಳೆತಕ್ಕೆ ಒಳಗಾಗುತ್ತದೆ. ಕಲ್ಲು ಒತ್ತಡವನ್ನು ಎಷ್ಟಾದರೂ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ; ಬಿರುಕು ಬಿಡುತ್ತದೆ. ಆದ್ದರಿಂದಲೇ ನಮ್ಮ ದೇವಾಲಯಗಳ ಮಂಟಪಗಳಲ್ಲಿ ಕಂಬಗಳು ಹತ್ತಿರ ಹತ್ತಿರ. ಕಮಾನಿನ ಉಪಾಯ ಬೇರೆ. ಅದರಲ್ಲಿ ಬೆಣೆಯಂತೆ ಕತ್ತರಿಸಿದ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲುತ್ತವೆ; ಎಲ್ಲೆಡೆಯೂ ಒತ್ತಡವೇ, ಎಳೆತವಿಲ್ಲ. ಆದರೆ ಕಮಾನು ತನ್ನ ಕಾಲುಗಳನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಆ ತಳ್ಳಾಟವನ್ನು ಹಿಡಿದು ನಿಲ್ಲಿಸಲು ಪಕ್ಕದಲ್ಲಿ ಬಲವಾದ ಆಸರೆ ಬೇಕು. ವಿಜಯಪುರದಲ್ಲಿ ದೊಡ್ಡ ಕಮಾನಿನ ಎರಡು ಭುಜಗಳಂತೆ ನಿಂತ ಕಿರಿಯ ಕಮಾನುಗಳು ಕಣ್ಣಿಗೆ ಅಂದ ಕೊಡುವುದಲ್ಲದೆ ಆ ಆಸರೆಯ ಕೆಲಸವನ್ನೂ ಮಾಡುತ್ತವೆ. ಮೂರು ಕಮಾನುಗಳ ಆ ಸಮತೂಕದಲ್ಲಿ ಚೆಲುವೂ ಗಣಿತವೂ ಬೇರೆ ಬೇರೆಯಾಗಿಲ್ಲ.

ಅಲಿಯ ಪತ್ನಿ ಚಾಂದ್ ಬೀಬಿ ಅಹಮದ್‌ನಗರದ ಹುಸೇನ್ ನಿಜಾಮ್ ಶಹನ ಮಗಳು. ಗಂಡನ ಮರಣದ ನಂತರ ಬಾಲಕನಾಗಿದ್ದ ಎರಡನೆಯ ಇಬ್ರಾಹಿಮನ ಪರವಾಗಿ ವಿಜಯಪುರದ ಆಡಳಿತವನ್ನು ನೋಡಿಕೊಂಡವಳು. ಮುಂದೆ ತವರಿಗೆ ಮರಳಿ, 1595ರಲ್ಲಿ ಮೊಗಲರ ಸೈನ್ಯ ಅಹಮದ್‌ನಗರಕ್ಕೆ ಮುತ್ತಿಗೆ ಹಾಕಿದಾಗ ಕೋಟೆಯನ್ನು ಕಾಪಾಡಿದವಳು. ಅವಳು ಬೆಳೆಸಿದ ಇಬ್ರಾಹಿಮನು ಸಂಗೀತದ ಹುಚ್ಚಿನವನು. ಅವನು ದಖನಿಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ ಕೃತಿಯಲ್ಲಿ ಸರಸ್ವತಿಗೂ ಗಣಪತಿಗೂ ವಂದನೆ ಸಲ್ಲಿಸಿದ್ದಾನೆ. ಜನರು ಅವನನ್ನು ಜಗದ್ಗುರು ಎಂದು ಕರೆದರು.

1686ರ ಸೆಪ್ಟೆಂಬರಿನಲ್ಲಿ ಔರಂಗಜೇಬನು ವಿಜಯಪುರವನ್ನು ಗೆದ್ದನು. ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಳಿ ತೊಡಿಸಿ ಈ ಗಗನ ಮಹಲಿನಲ್ಲಿಯೇ ಚಕ್ರವರ್ತಿಯ ಮುಂದೆ ನಿಲ್ಲಿಸಿದರೆಂಬ ಮಾತು ಊರಿನಲ್ಲಿ ಪ್ರಸಿದ್ಧವಾಗಿದೆ. ಒಬ್ಬ ಮುಸಲ್ಮಾನ ದೊರೆ ಇನ್ನೊಬ್ಬ ಮುಸಲ್ಮಾನ ದೊರೆಯ ರಾಜ್ಯವನ್ನು ಮುಗಿಸಿದ ಕಥೆಯಿದು. ಅಧಿಕಾರದ ಹಸಿವಿಗೆ ಧರ್ಮದ ಎಲ್ಲೆ ಇರಲಿಲ್ಲವೆಂಬುದನ್ನು ಮಕ್ಕಳು ಇಲ್ಲಿ ಗಮನಿಸಬೇಕು.

ನಮ್ಮ ಪೆನುಗೊಂಡೆ

ಇನ್ನು ನಮ್ಮ ನೆರೆಯ ಗಗನ ಮಹಲಿಗೆ ಬರೋಣ. ವಿಜಯನಗರದ ಮೊದಲ ದಿನಗಳಿಂದಲೂ ಪೆನುಗೊಂಡೆ ಮುಖ್ಯ ಪ್ರಾಂತ್ಯದ ಕೇಂದ್ರ. ಒಂದನೆಯ ಬುಕ್ಕರಾಯನು ಈ ಪ್ರಾಂತ್ಯವನ್ನು ತನ್ನ ಮಗ ವಿರೂಪಣ್ಣನಿಗೆ ವಹಿಸಿದ್ದನು. 1565ರ ನಂತರ ಇದು ಸಾಮ್ರಾಜ್ಯದ ರಾಜಧಾನಿಯೇ ಆಯಿತು. ಇಲ್ಲಿಯ ಗಗನ ಮಹಲು 16ನೆಯ ಶತಮಾನದ್ದು. ಗೋಡೆಗಳಲ್ಲಿ ಚೂಪು ತುದಿಯ ಕಮಾನುಗಳು. ಕಲ್ಲಿನ ಮೇಲೆ ಗಾರೆಯ ಲೇಪ. ಮಾಳಿಗೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಏರುವ ಗೋಪುರ. ಬಾಗಿಲಿನ ಮುಂದೆ ನಿಂತು ಕೆಳಗಿನ ಅರ್ಧವನ್ನಷ್ಟೇ ನೋಡಿದರೆ ಸುಲ್ತಾನನ ಅರಮನೆ ಎನ್ನಬೇಕು. ಕತ್ತೆತ್ತಿ ಮೇಲಿನ ಅರ್ಧವನ್ನು ನೋಡಿದರೆ ದೇವಾಲಯದ ವಿಮಾನ ಎನ್ನಬೇಕು. ಎರಡೂ ಒಂದೇ ಕಟ್ಟಡ, ಒಂದೇ ಕಾಲದ್ದು, ಒಬ್ಬ ಅರಸನ ಮನೆತನಕ್ಕಾಗಿ ಎದ್ದದ್ದು.

ಇದು ಪೆನುಗೊಂಡೆಯಲ್ಲಿ ಮೊದಲು ನಡೆದ ಪ್ರಯೋಗವಲ್ಲ. ಹಂಪೆಯ ಕಮಲ ಮಹಲನ್ನು ನೋಡಿದವರಿಗೆ ಅದರ ಹೂವಿನ ಎಸಳಿನಂಥ ಕಮಾನುಗಳೂ ಅವುಗಳ ಮೇಲಿನ ಗೋಪುರಗಳೂ ನೆನಪಿರಬೇಕು. ಅಲ್ಲಿಯ ಗಜಶಾಲೆಯ ಹನ್ನೊಂದು ಕೋಣೆಗಳ ಸಾಲಿನ ಮೇಲೆ ಗುಮ್ಮಟಗಳಿವೆ. ವಿಜಯನಗರದ ಅರಸರು ದೇವರ ಮನೆಯನ್ನು ಕಟ್ಟುವಾಗ ಹಿಂದಿನಿಂದ ಬಂದ ಕಂಬ ತೊಲೆಗಳ ಶಿಲ್ಪಶಾಸ್ತ್ರವನ್ನು ಬಿಡಲಿಲ್ಲ. ತಮ್ಮ ವಾಸದ, ದರ್ಬಾರಿನ, ವಿನೋದದ ಕಟ್ಟಡಗಳಿಗೆ ಮಾತ್ರ ಸುಲ್ತಾನರ ನಾಡಿನ ಕಮಾನು ಗುಮ್ಮಟಗಳನ್ನು ಸಂಕೋಚವಿಲ್ಲದೆ ತೆಗೆದುಕೊಂಡರು. ಅಂದಿನ ದಖನಿನಲ್ಲಿ ಅರಸುತನದ ಗತ್ತು ಎಂದರೆ ಅದು. ಬುಕ್ಕರಾಯನ ಕಾಲದಿಂದಲೂ ಈ ಅರಸರು ‘ಹಿಂದುರಾಯ ಸುರತ್ರಾಣ’ ಎಂಬ ಬಿರುದನ್ನು ಧರಿಸಿದ್ದರು. ಸುರತ್ರಾಣ ಎಂದರೆ ಸುಲ್ತಾನ್ ಶಬ್ದದ ಸಂಸ್ಕೃತ ರೂಪ. ಯಾರೊಡನೆ ಯುದ್ಧ ಮಾಡಿದರೋ ಅವರ ಬಿರುದನ್ನೇ ತಮ್ಮ ಮಾತಿಗೆ ಹೊಂದಿಸಿಕೊಂಡು ಹೆಮ್ಮೆಯಿಂದ ಕಲ್ಲಿನಲ್ಲಿ ಕೆತ್ತಿಸಿದರು.

ಉಡುಪಿನಲ್ಲಿಯೂ ಹೀಗೆಯೇ. ಹಿಂದೂಪುರದಿಂದ ಸುಮಾರು 15 ಕಿಲೋಮೀಟರ್ ದೂರದ ಲೇಪಾಕ್ಷಿಗೆ ನಮ್ಮ ಊರಿನ ಪ್ರತಿಯೊಂದು ಕುಟುಂಬವೂ ಹೋಗಿಬಂದಿದೆ. ಅಚ್ಯುತದೇವರಾಯನ ಕಾಲದ ಆ ವೀರಭದ್ರ ದೇವಾಲಯದ ಮಾಳಿಗೆಯಲ್ಲಿ ವರ್ಣಚಿತ್ರಗಳಿವೆ. ತೂಗುವ ಕಂಬವನ್ನು ನೋಡುವ ಅವಸರದಲ್ಲಿ ಅನೇಕರು ಕತ್ತೆತ್ತಿ ನೋಡುವುದೇ ಇಲ್ಲ. ನೋಡಿದರೆ, ದೇವರಿಗೆ ಕೈಮುಗಿದು ನಿಂತ ಗಂಡಸರ ತಲೆಯ ಮೇಲೆ ಎತ್ತರವಾದ ಶಂಕುವಿನಾಕಾರದ ಟೊಪ್ಪಿಗೆ ಕಾಣುತ್ತದೆ. ಅದಕ್ಕೆ ಕುಲ್ಲಾಯಿ ಎಂದು ಹೆಸರು. ಪಾರಸಿಯ ‘ಕುಲಾಹ್’ ಅದರ ಮೂಲ. ನಮ್ಮ ಮನೆಗಳಲ್ಲಿ ಕೂಸಿನ ತಲೆಗೆ ಕಟ್ಟುವ ಕುಲಾವಿಯೂ ಅದರದೇ ಸಂತಾನ. ಅಜ್ಜಿಯರು ತೊಟ್ಟಿಲ ಕೂಸಿಗೆ ಕುಲಾವಿ ಹೊಲಿಯುವಾಗ ವಿಜಯನಗರದ ದರ್ಬಾರಿನ ಉಡುಪೊಂದನ್ನು ಹೊಲಿಯುತ್ತಿದ್ದರೆಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಒಂದು ಯುದ್ಧ, ಮೂರು ಅರಮನೆ

1565ರ ಜನವರಿ 23ರಂದು ಕೃಷ್ಣಾ ನದಿಯ ದಕ್ಷಿಣದಲ್ಲಿ ನಡೆದ ಯುದ್ಧ ಈ ಮೂರೂ ಅರಮನೆಗಳನ್ನು ಒಂದು ದಾರದಲ್ಲಿ ಪೋಣಿಸಿದೆ. ವಿಜಯಪುರದ ಗಗನ ಮಹಲಿನ ಅಲಿ ಆದಿಲ್ ಶಹ, ಬೀದರಿನ ರಂಗೀನ್ ಮಹಲಿನ ಅಲಿ ಬರೀದ್ ಶಹ, ಇವರೊಂದಿಗೆ ಅಹಮದ್‌ನಗರ ಮತ್ತು ಗೋಲ್ಕೊಂಡದ ಸುಲ್ತಾನರು ಒಂದು ಕಡೆ. ವಿಜಯನಗರದ ಅಳಿಯ ರಾಮರಾಯ ಇನ್ನೊಂದು ಕಡೆ. ರಾಮರಾಯ ಹತನಾದನು. ಅವನ ತಮ್ಮ ತಿರುಮಲನು ಬೊಕ್ಕಸವನ್ನು ಆನೆಗಳ ಮೇಲೆ ಹೇರಿಸಿಕೊಂಡು, ಹೆಸರಿಗೆ ಚಕ್ರವರ್ತಿಯಾಗಿದ್ದ ಸದಾಶಿವರಾಯನನ್ನು ಕರೆದುಕೊಂಡು ಪೆನುಗೊಂಡೆಗೆ ಬಂದನು. ಹಂಪೆ ಹಾಳಾಯಿತು. ಆ ಹಾನಿ ದೊಡ್ಡದು. ಅದನ್ನು ಕಡಿಮೆ ಮಾಡಿ ಹೇಳುವುದು ಸರಿಯಲ್ಲ. ಹಂಪೆಯ ಬೀದಿಗಳಲ್ಲಿ ನಡೆದವರಿಗೆ ಅದು ಹೃದಯಕ್ಕೆ ತಟ್ಟದೆ ಇರದು.

ಆದರೆ ಆ ದಿನದ ಹಿಂದುಮುಂದನ್ನೂ ಹೇಳಬೇಕು. ವಿಜಯಪುರದಲ್ಲಿದ್ದು ಚರಿತ್ರೆ ಬರೆದ ಫೆರಿಷ್ತಾನು ಒಂದು ಪ್ರಸಂಗವನ್ನು ಹೇಳುತ್ತಾನೆ. ರಾಮರಾಯನ ಮಗನೊಬ್ಬ ತೀರಿಕೊಂಡಾಗ, ಆಗಷ್ಟೇ ಪಟ್ಟಕ್ಕೆ ಬಂದಿದ್ದ ಅಲಿ ಆದಿಲ್ ಶಹನು ಸ್ವಲ್ಪವೇ ಪರಿವಾರದೊಂದಿಗೆ ವಿಜಯನಗರಕ್ಕೆ ಬಂದು ಸಂತಾಪ ಸೂಚಿಸಿದನಂತೆ. ರಾಮರಾಯನ ಪತ್ನಿ ಅವನನ್ನು ತನ್ನ ಮಗನೆಂದು ಸ್ವೀಕರಿಸಿದಳಂತೆ. ಅನಂತರ ಇಬ್ಬರೂ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದರು. ಗೋಲ್ಕೊಂಡದ ಇಬ್ರಾಹಿಮ್ ಕುತುಬ್ ಶಹನಂತೂ ಪಟ್ಟಕ್ಕೆ ಬರುವ ಮುನ್ನ ಅಣ್ಣನ ಭಯದಿಂದ ಏಳು ವರ್ಷ ವಿಜಯನಗರದಲ್ಲಿ ಆಶ್ರಯ ಪಡೆದಿದ್ದನು. ತೆಲುಗು ಕವಿಗಳು ಅವನನ್ನು ಮಲ್ಕಿಭರಾಮನೆಂದು ಪ್ರೀತಿಯಿಂದ ಕರೆದರು. ಇವರೇ 1565ರಲ್ಲಿ ರಾಮರಾಯನ ವಿರುದ್ಧ ನಿಂತರು. ಆ ಒಕ್ಕೂಟವೂ ಬಹಳ ದಿನ ಬಾಳಲಿಲ್ಲ.

1576ರಲ್ಲಿ ಅಲಿ ಆದಿಲ್ ಶಹನು ನಮ್ಮ ಪೆನುಗೊಂಡೆಗೇ ಮುತ್ತಿಗೆ ಹಾಕಿದನು. ಆಗ ಆಳುತ್ತಿದ್ದವನು ತಿರುಮಲನ ಮಗ ಶ್ರೀರಂಗರಾಯ. ಅವನು ನೆರವು ಬೇಡಿದ್ದು ಗೋಲ್ಕೊಂಡದ ಅದೇ ಇಬ್ರಾಹಿಮ್ ಕುತುಬ್ ಶಹನಲ್ಲಿ, ನೆರವು ಬಂದಿತು, ವಿಜಯಪುರದ ಸೈನ್ಯ ಕೋಟೆಯನ್ನು ಗೆಲ್ಲಲಾಗದೆ ಹಿಂದಿರುಗಿತು. ಒಂದು ಗಗನ ಮಹಲಿನ ಒಡೆಯ ಇನ್ನೊಂದು ಗಗನ ಮಹಲಿನ ಕೋಟೆಯ ಹೊರಗೆ ಬೀಡುಬಿಟ್ಟಿದ್ದಾನೆ. ಒಳಗಿರುವವನನ್ನು ಕಾಪಾಡಲು ಮತ್ತೊಬ್ಬ ಸುಲ್ತಾನ ಮುಂದೆ ಬರುತ್ತಾನೆ. ತಾಳಿಕೋಟೆಯ ಪಾಠದ ಪಕ್ಕದಲ್ಲಿ ಈ ಮುತ್ತಿಗೆಯನ್ನೂ ಇಟ್ಟು ಹೇಳಿದಾಗ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ. ‘ನಾವು ಸೋತೆವೋ, ಅವರು ಗೆದ್ದರೋ’ ಎಂಬ ಪ್ರಶ್ನೆಯ ಜಾಗದಲ್ಲಿ ‘ಅವರು ಯಾಕೆ ಹಾಗೆ ಮಾಡಿದರು’ ಎಂಬ ಪ್ರಶ್ನೆ ಬರುತ್ತದೆ. ಇತಿಹಾಸದ ಅಧ್ಯಯನ ಆರಂಭವಾಗುವುದು ಆ ಎರಡನೆಯ ಪ್ರಶ್ನೆಯಿಂದ.

ಮುಂದೆ ವೆಂಕಟಪತಿರಾಯನ ಕಾಲದಲ್ಲಿ ರಾಜಧಾನಿ ಚಂದ್ರಗಿರಿಗೆ ಹೋಯಿತು. 17ನೆಯ ಶತಮಾನದ ನಡುವಿನಲ್ಲಿ ಪೆನುಗೊಂಡೆ ವಿಜಯಪುರದ ವಶವಾಯಿತು. ಆಮೇಲೆ ಮರಾಠರು, ಹೈದರ್ ಮತ್ತು ಟಿಪ್ಪು, ನಿಜಾಮ ಎಂದು ಕೈಯಿಂದ ಕೈಗೆ ಸಾಗಿ, 1800ರಲ್ಲಿ ದತ್ತ ಮಂಡಲಗಳೊಂದಿಗೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಕಲ್ಯಾಣದುರ್ಗದ ನೆರೆಯ ರಾಯದುರ್ಗವೂ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಇತ್ತ ಬಂದಿತು. 2022ರಲ್ಲಿ ಹೊಸ ಜಿಲ್ಲೆಗಳಾದಾಗ ಹಿಂದೂಪುರ ಮತ್ತು ಪೆನುಗೊಂಡೆ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲಿ ಉಳಿಯಿತು. ಒಂದೇ ಊರು ಎಷ್ಟು ರಾಜ್ಯಗಳ, ಎಷ್ಟು ಜಿಲ್ಲೆಗಳ ಹೆಸರನ್ನು ಹೊತ್ತಿತು! ಗಡಿಯ ಗೆರೆಗಳು ಸರಿದಾಡಿದವು, ಜನ ಇದ್ದಲ್ಲೇ ಇದ್ದರು. ಕನ್ನಡ ಶಾಲೆಯೊಂದು ಆಂಧ್ರದಲ್ಲಿ ನೂರು ವರ್ಷ ಬಾಳಿದ್ದರ ಹಿಂದೆ ಇರುವುದೂ ಇದೇ ಸಂಗತಿ.

ಮಾತಿನೊಳಗಿನ ಅರಮನೆ

ಗಗನ ಮಹಲ್ ಎಂಬ ಹೆಸರನ್ನೇ ನೋಡಿ. ಗಗನ ಸಂಸ್ಕೃತ, ಮಹಲ್ ಅರಬ್ಬಿ. ಸಂಸ್ಕೃತದ ಆಕಾಶಕ್ಕೆ ಅರಬ್ಬಿಯ ಮನೆ ಕೂಡಿ ಒಂದು ಹೆಸರಾಯಿತು. ಆ ಹೆಸರನ್ನು ಸುಲ್ತಾನರ ಅರಮನೆಗೂ ಇಟ್ಟರು, ರಾಯರ ಅರಮನೆಗೂ ಇಟ್ಟರು. ಯಾರಿಗೂ ಅದು ಹೊರಗಿನದೆನಿಸಲಿಲ್ಲ. ಕಮಾನು ಎಂಬುದು ಪಾರಸಿಯಲ್ಲಿ ಬಿಲ್ಲು. ಬಾಗಿದ ಬಿಲ್ಲಿನ ಆಕಾರದಿಂದ ಕಟ್ಟಡದ ಭಾಗಕ್ಕೆ ಆ ಹೆಸರು ಬಂದಿತು. ಗುಮ್ಮಟ, ದರ್ಬಾರು, ಖಜಾನೆ ಎಲ್ಲವೂ ಅಲ್ಲಿಂದ ಬಂದು ಇಲ್ಲಿಯವಾದವು. ನಮ್ಮ ಶಾಲೆಯ ದಿನಚರಿಯೂ ಹಾಗೆಯೇ. ಬೆಳಿಗ್ಗೆ ನಾವು ತೆಗೆದುಕೊಳ್ಳುವ ಹಾಜರಿ, ಮಕ್ಕಳು ಕೇಳುವ ರಜೆ, ಶಿಕ್ಷಕರು ಕುಳಿತುಕೊಳ್ಳುವ ಕುರ್ಚಿ, ಬರೆಯುವ ಕಾಗದ, ತುಂಬುವ ಶಾಯಿ: ಈ ಮಾತುಗಳೆಲ್ಲ ಅರಬ್ಬಿ ಪಾರಸಿಗಳಿಂದ ಬಂದವು. ಇವನ್ನು ತೆಗೆದುಹಾಕಿ ಕನ್ನಡ ಶಾಲೆಯನ್ನು ಒಂದು ದಿನವೂ ನಡೆಸಲಾಗದು. ಇವುಗಳಿಂದ ಕನ್ನಡ ಕುಗ್ಗಲಿಲ್ಲ. ಬಂದದ್ದನ್ನು ತನ್ನ ಉಚ್ಚಾರಣೆಗೆ, ತನ್ನ ವಿಭಕ್ತಿಗೆ ಒಗ್ಗಿಸಿಕೊಂಡು ಅದು ಬೆಳೆಯಿತು. ಪೆನುಗೊಂಡೆಯ ಶಿಲ್ಪಿ ಕಮಾನಿನ ಮೇಲೆ ಗೋಪುರವನ್ನಿಟ್ಟದ್ದೂ ಇದೇ ಆತ್ಮವಿಶ್ವಾಸದಿಂದ.

ಪೆನುಗೊಂಡೆಯ ಊರೂ ಈ ಮಾತಿಗೆ ಸಾಕ್ಷಿ. ಕೋಟೆಯೊಳಗೆ ರಾಮ ಮತ್ತು ಶಿವನ ದೇವಾಲಯಗಳಿವೆ. ಸಮೀಪದಲ್ಲಿಯೇ ಶೇರ್ ಖಾನನ ಮಸೀದಿ. ಊರಿನಲ್ಲಿ ಪಾರ್ಶ್ವನಾಥನ ಬಸದಿ. ಬಾಬಾ ಫಕ್ರುದ್ದೀನರ ದರ್ಗಾ. ಆ ದರ್ಗಾದ ಉರುಸಿಗೆ ಜಾತಿಮತ ನೋಡದೆ ಸುತ್ತಲಿನ ಹಳ್ಳಿಗಳ ಜನ ಬರುತ್ತಾರೆ. ಬೀದರಿನಲ್ಲಿಯೂ ಅಷ್ಟೆ: ಅಷ್ಟೂರಿನಲ್ಲಿ ಮಲಗಿರುವ ಅಹಮದ್ ಶಹನನ್ನು ಮುಸಲ್ಮಾನರು ವಲಿ ಎಂದು ಗೌರವಿಸಿದರೆ, ಲಿಂಗಾಯತ ಭಕ್ತರು ಅಲ್ಲಮಪ್ರಭುವಿನ ರೂಪವೆಂದು ನಮಿಸುತ್ತಾರೆ. ಅರಸರ ರಾಜಕೀಯ ಒಂದು ದಾರಿ ಹಿಡಿದರೂ ಜನರ ಬದುಕು ತನ್ನದೇ ದಾರಿಯಲ್ಲಿ ನಡೆದುಬಂದಿದೆ.

ಪೋಷಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ

ಈ ಸಂಚಿಕೆಯನ್ನು ಓದುತ್ತಿರುವ ಪೋಷಕರಲ್ಲಿ ನಮ್ಮದೊಂದು ವಿನಂತಿ. ಲೇಪಾಕ್ಷಿಗೆ ಹೋದಷ್ಟೇ ಸಲೀಸಾಗಿ ಪೆನುಗೊಂಡೆಗೂ ಹೋಗಬಹುದು. ಭಾನುವಾರವೊಂದನ್ನು ಅದಕ್ಕೆ ಕೊಡಿ. ಬೆಂಗಳೂರು, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗಂತೂ ಅದು ಹೆದ್ದಾರಿಯ ಪಕ್ಕದ ಊರು. ಎಷ್ಟೋ ಸಲ ಅದರ ಬೆಟ್ಟವನ್ನು ಕಿಟಕಿಯಿಂದಲೇ ನೋಡಿ ದಾಟಿದ್ದೀರಿ. ಒಮ್ಮೆ ಇಳಿಯಿರಿ. ದೊಡ್ಡ ರಜೆಯಲ್ಲಿ ವಿಜಯಪುರಕ್ಕೂ ಬೀದರಿಗೂ ಹೋಗಿ. ಹೋದಾಗ ಮಕ್ಕಳಿಗೆ ಮೂರು ಕೆಲಸ ಕೊಡಿ. ಪೆನುಗೊಂಡೆಯಲ್ಲಿ ಕಮಾನು ಎಲ್ಲಿ ಮುಗಿದು ಗೋಪುರ ಎಲ್ಲಿ ಆರಂಭವಾಗುತ್ತದೆಂದು ಗುರುತಿಸಲಿ. ವಿಜಯಪುರದಲ್ಲಿ ದೊಡ್ಡ ಕಮಾನಿನ ಕೆಳಗೆ ಈ ಕೊನೆಯಿಂದ ಆ ಕೊನೆಗೆ ನಡೆದು ಹೆಜ್ಜೆ ಎಣಿಸಲಿ. ಬೀದರಿನಲ್ಲಿ ರಂಗೀನ್ ಮಹಲಿನ ಮರದ ಕಂಬವನ್ನೂ ಮುತ್ತಿನ ಚಿಪ್ಪನ್ನೂ ನೋಡಿ, ಯಾವುದು ಯಾವ ಸೀಮೆಯ ಕೈಕೆಲಸವೆಂದು ಊಹಿಸಲಿ.

ಇನ್ನೊಂದು ಮಾತು. ಈ ಗೋಡೆಗಳ ಮೇಲೆ ಮೊಳೆಯಿಂದ ಹೆಸರು ಕೆತ್ತುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ. ನಾನೂರು, ಐನೂರು ವರ್ಷ ಮಳೆಬಿಸಿಲನ್ನು ತಾಳಿದ ಗಾರೆ ಒಂದು ಮೊಳೆಯ ಗೀರಿಗೆ ಸಡಿಲವಾಗುತ್ತದೆ. ಆ ಗೀರಿನಲ್ಲಿ ನೀರು ಇಳಿಯುತ್ತದೆ. ನೀರು ಇಳಿದಲ್ಲಿ ಬೇರು ಹಿಡಿಯುತ್ತದೆ. ಫಿರಂಗಿಗಳು ಮಾಡದ ಕೆಲಸವನ್ನು ಅರಳಿಯ ಒಂದು ಸಸಿ ನಿಧಾನವಾಗಿ ಮಾಡಿ ಮುಗಿಸುತ್ತದೆ. ಅರಮನೆ ಉಳಿಯುವುದು ಕಾವಲುಗಾರನೊಬ್ಬನಿಂದ ಅಲ್ಲ, ನೋಡಲು ಬಂದವರ ನಡತೆಯಿಂದ.

ಇದು ಯಾರ ಅರಮನೆ ಎಂದು ಮಕ್ಕಳು ಕೇಳಿದರೆ ನಮ್ಮ ಉತ್ತರ ಸಿದ್ಧವಾಗಿದೆ. ಕಟ್ಟಿಸಿದವರ ವಂಶಗಳಲ್ಲಿ ಈಗ ಯಾರೂ ಸಿಂಹಾಸನದ ಮೇಲಿಲ್ಲ. ಕಲ್ಲು ಒಡೆದವರ, ಸುಣ್ಣ ಅರೆದವರ, ಮರ ಕೆತ್ತಿದವರ ಮಕ್ಕಳ ಮಕ್ಕಳು ಮಾತ್ರ ಇಲ್ಲಿಯೇ ಇದ್ದಾರೆ. ಕನ್ನಡ, ತೆಲುಗು, ಉರ್ದು ಮಾತನಾಡುತ್ತ ನಮ್ಮ ಊರುಗಳಲ್ಲಿ ಬದುಕುತ್ತಿದ್ದಾರೆ, ನಮ್ಮ ಶಾಲೆಯ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದಾರೆ. ಮೂರೂ ಗಗನ ಮಹಲುಗಳಿಗೆ ಅವರೇ ಇಂದಿನ ವಾರಸುದಾರರು. ಅವರ ಕೈಗೆ ಅದನ್ನು ಕುಂದಿಲ್ಲದೆ ಒಪ್ಪಿಸುವುದು ಶಾಲೆಯ ಎರಡನೆಯ ಶತಮಾನದ ಕೆಲಸಗಳಲ್ಲಿ ಒಂದಾಗಲಿ.